ಎರಡು ರೂಪಾಯಿಗೆ ಮೂರು ಭೂತಗನ್ನಡಿ

ನೀವು ಯಾವತ್ತಾದರೂ ಉಪ್ಪಿಟ್ಟಿನ ರವೆಯನ್ನು ಹತ್ತಾರು ಪಟ್ಟು ದೊಡ್ಡದು ಮಾಡಿ ನೋಡಿದ್ದೀರಾ? ನೋಡಬೇಡಿ. ನಾನು ನೋಡಿದೆ. ಅವತ್ತು ಉಪ್ಪಿಟ್ಟು ಬಿಟ್ಟು ಅವಲಕ್ಕಿಗೆ ಒಗ್ಗರಣೆ ಹಾಕಿದೆ. ಅವಲಕ್ಕಿಯನ್ನೂ ಒಂದು ಸಲ ನೋಡಿಬಿಡೋಣ ಅನ್ನಿಸಿತು. ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರ ಮಟ್ಟಿಗೆ ನಮ್ಮ ಸೀಮೆಯ ತಾಯಿ ಅಂತರಘಟ್ಟಮ್ಮ ಬುದ್ಧಿ ಕೊಟ್ಟಳು.

ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಡಬ್ಬಿಗೆ ತುಂಬಿದ ರವೆ ಕಣ್ರೀ ಅದು. ಬರಿಗಣ್ಣಿಗೆ ಮಲ್ಲಿಗೆ ಮೊಗ್ಗಿನಷ್ಟು ಶುಭ್ರ. ಅದರೊಳಗೆ ಒಬ್ಬ ಮಹಾನುಭಾವ ಕೂತಿದ್ದ. ಮೀಸೆ ಇತ್ತು. ಕಾಲು ಮಡಿಸಿಕೊಂಡು, ಈ ಮನೆಯ ಯಜಮಾನ ತಾನೇ ಅನ್ನುವ ಹಾಗೆ ಕೂತಿದ್ದವನು ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಕಿರುಚಲಿಲ್ಲ, ಆದರೆ ಕಾಲು ತಾನಾಗಿಯೇ ಸ್ಟೂಲಿನ ಮೇಲೆ ಹೋಗಿತ್ತು. ದೇವರು ಮನುಷ್ಯರ ಕಣ್ಣಿಗೆ ಇಷ್ಟೇ ಶಕ್ತಿ ಕೊಟ್ಟು ನಿಲ್ಲಿಸಿದ್ದು ಎಂಥ ದೊಡ್ಡ ಉಪಕಾರ ಅನ್ನುವುದು ನನಗೆ ತಿಳಿದದ್ದು ಅವತ್ತು. ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅದನ್ನೂ ಸೇರಿಸಿ ಕೈಮುಗಿದೆ.

ಇಷ್ಟಕ್ಕೂ ಆ ಭೂತಗನ್ನಡಿ ನಮ್ಮ ಅಡುಗೆಮನೆಗೆ ಬಂದದ್ದು ರವೆ ನೋಡಲಿಕ್ಕಲ್ಲ, ರಾಣಿಯನ್ನು ನೋಡಲಿಕ್ಕೆ. ರಾಣಿ ಅಂದರೆ ಹಳೇ ಬೆಳ್ಳಿ ರೂಪಾಯಿಯ ಮೇಲೆ ಕಿರೀಟ ಇಟ್ಟುಕೊಂಡು ಒಂದು ಪಕ್ಕಕ್ಕೆ ತಿರುಗಿ ಕೂತಿರುವ ಆಯಮ್ಮ. ನಮ್ಮ ಅತ್ತೆಗೆ ಇಬ್ಬರು ಸೊಸೆಯರು. ಹಿರಿಯಳು ಕಡೂರಿನ ನಾಗರತ್ನಕ್ಕ, ಕಿರಿಯಳು ಅಜ್ಜಂಪುರದಲ್ಲಿರುವ ನಾನು. ಮನೆ ತುಂಬಿಸಿಕೊಂಡ ದಿನವೇ ಅತ್ತೆ ನಮಗೆ ಒಂದೊಂದು ರಾಣಿ ರೂಪಾಯಿ ಕೊಟ್ಟಿದ್ದರು. ವರಮಹಾಲಕ್ಷ್ಮಿ ಹಬ್ಬದ ದಿನ ಅದು ಕಳಶದೊಳಗೆ ಅಕ್ಕಿಯ ಮೇಲೆ ಕೂರುತ್ತದೆ. ಮಿಕ್ಕ ದಿನವೆಲ್ಲ ಅರಿಶಿನ ಕುಂಕುಮದ ಜೊತೆ ದೇವರ ಡಬ್ಬಿಯಲ್ಲಿ. ನನ್ನ ಲೆಕ್ಕಕ್ಕೆ ಅದು ನಾಣ್ಯವೇ ಅಲ್ಲ, ಲಕ್ಷ್ಮಿ. ಲಕ್ಷ್ಮಿ ಯಾಕೆ ಪರದೇಶದ ರಾಣಿಯ ಮುಖದಲ್ಲಿ ಬಂದಳು ಅಂತ ನಾನು ಕೇಳಿದವಳಲ್ಲ. ಬಂದಳಲ್ಲ, ಅದೇ ಸಾಕು.

ಹೀಗಿರುವಾಗ ಆಷಾಢದಲ್ಲಿ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅಕ್ಕ ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ನಮ್ಮೂರ ಈರುಳ್ಳಿ ಮೂಟೆಗಟ್ಟಲೆ ಹೆಚ್ಚಿದರೂ ಕಣ್ಣಲ್ಲಿ ಒಂದು ಹನಿ ಬಾರದವಳು. ನಾನೋ, ಪಕ್ಕದ ಮನೆಯ ಕರು ಬಡಕಲಾದರೂ ಅಳುವವಳು. ಅಂಥ ಅಕ್ಕನ ದನಿ ಅವತ್ತು ಪಿಸುಗುಟ್ಟುತ್ತಿತ್ತು.

“ಲೇ ಸುಮ, ಅತ್ತೆಗೆ ಹೇಳ್ಬೇಡ. ಮೊನ್ನೆ ದೇವ್ರ ಡಬ್ಬಿ ಒರೆಸ್ವಾಗ ರೂಪಾಯಿ ಕೈ ಜಾರಿ ಬಿತ್ತು ಕಣೇ. ಠಣ್ ಅನ್ನಲಿಲ್ಲ. ಟಪ್ ಅಂತು.”

ಟಪ್ ಅಂದರೆ ಏನಾಯಿತೀಗ, ಚಾಪೆಯ ಮೇಲೆ ಬಿದ್ದಿರಬೇಕು ಅಂದೆ. ಚಾಪೆಯೂ ಇಲ್ಲ, ಮಣೆಯೂ ಇಲ್ಲ, ಕಲ್ಲಿನ ನೆಲ ಅಂದಳು. ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. ಅಕ್ಕನ ಒಬ್ಬಳೇ ಮಗಳು ಚೈತ್ರಳಿಗೆ ತರೀಕೆರೆಯ ಕಡೆ ಸಂಬಂಧ ಕೂಡಿತ್ತು. ಒಳ್ಳೆಯ ಜನ. ಹಬ್ಬ ಕಳೆದ ಮೇಲೆ ಒಪ್ಪಿಗೆ ಶಾಸ್ತ್ರ. ಮಾತಿನ ನಡುವೆ ಅಕ್ಕ ಹೆಮ್ಮೆಗೆ, ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಮಡಿಲಕ್ಕಿಯ ಮೇಲೆ ಕಳಶದ ರಾಣಿ ರೂಪಾಯಿ ಇಟ್ಟು ಕಳಿಸುತ್ತೇವೆ ಅಂದುಬಿಟ್ಟಿದ್ದಳು. ಹುಡುಗನ ದೊಡ್ಡಪ್ಪ ಹಳೇ ನಾಣ್ಯ ಕೂಡಿಡುವವರು. ಅವರ ಮುಖ ಅರಳಿತಂತೆ. ಜೇಬಿನಿಂದ ಸಣ್ಣ ಗಾಜು ತೆಗೆದು ತೋರಿಸಿ, ತನ್ನಿ ತಾಯಿ, ಶಾಸ್ತ್ರದ ದಿನ ನಾನು ಕಣ್ತುಂಬ ನೋಡಬೇಕು ಅಂದರಂತೆ.

“ಆಯಪ್ಪ ಎಲ್ರ ಮುಂದೆ ಗಾಜು ಇಟ್ಟು ನೋಡಿ, ಇದು ಖೋಟಾ ಅಂದ್ರೆ? ಮಗಳಿಗೆ ಖೋಟಾ ಕಟ್ಟಿ ಕಳಿಸಿದ್ರು ಅಂತ ಆ ಮನೇಲಿ ಮಾತು ನಿಲ್ಲುತ್ತೆ ಕಣೇ. ಚೈತ್ರ ಅಲ್ಲಿ ಬಾಳ್ಬೇಕು. ಅವನು ನೋಡೋಕೆ ಮುಂಚೆ ನೀನು ನೋಡು. ನಿನ್ನದು ಕಸೂತಿ ಹಾಕೋ ಕಣ್ಣು.”

ಅಕ್ಕಸಾಲಿಗರ ಹತ್ತಿರ ಹೋಗಬಹುದಿತ್ತು. ಅವರು ಒರೆಗಲ್ಲಿಗೆ ಉಜ್ಜುತ್ತಾರೆ, ಲಕ್ಷ್ಮಿಯ ಮೈ ಗೀರಿಸುವುದಕ್ಕೆ ಅಕ್ಕ ಒಪ್ಪಳು. ಜೊತೆಗೆ ಕಡೂರಿನಲ್ಲಿ ಒಂದು ಅಂಗಡಿಗೆ ಹೇಳಿದ ಗುಟ್ಟು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಮುಟ್ಟುತ್ತದೆ. ಮುಂದಿನ ವಾರವೇ ಅಕ್ಕ ರೂಪಾಯಿಯನ್ನು ಕರ್ಚೀಫಿನಲ್ಲಿ ಕಟ್ಟಿ, ರವಿಕೆಯೊಳಗೆ ಇಟ್ಟುಕೊಂಡು, ಅತ್ತೆಯನ್ನು ನೋಡುವ ನೆಪದಲ್ಲಿ ಬಂದು ನನ್ನ ಕೈಗಿಟ್ಟು ಹೋದಳು.

ನನಗೆ ನಾಣ್ಯದ ವಿದ್ಯೆ ಎಷ್ಟು ಗೊತ್ತು ಅಂತೀರಿ? ಚೌಳಹಿರಿಯೂರಿನ ನಮ್ಮ ತವರುಮನೆಯಲ್ಲಿ ಚಿಕ್ಕವರಿದ್ದಾಗ ಹತ್ತು ಪೈಸೆಯ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುತ್ತಿದ್ದೆವು. ಹೂವಿನ ಎಸಳಿನಂತೆ ಅಂಚು ಬಾಗಿದ ಆ ಹತ್ತು ಪೈಸೆ ನಿಮಗೂ ನೆನಪಿರಬಹುದು. ನಮ್ಮಣ್ಣ ಒಮ್ಮೆ ಬೀರೂರಿಗೆ ಹೋದಾಗ ರೈಲುಕಂಬಿಯ ಮೇಲೆ ಐದು ಪೈಸೆ ಇಟ್ಟು, ಗಾಡಿ ಹಾದುಹೋದ ಮೇಲೆ ಹಪ್ಪಳದಂತಾದದ್ದನ್ನು ತಂದು ಚಿನ್ನದ ತಗಡು ಅಂತ ನನಗೆ ಕೊಟ್ಟಿದ್ದ. ಅದನ್ನು ಬಹಳ ಕಾಲ ಜಾಮೆಟ್ರಿ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ಖೋಟಾ ಅಸಲಿಯ ಬಗ್ಗೆ ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿದಿತ್ತು.

ಮೊದಲು ಪುಸ್ತಕದಂಗಡಿಯಿಂದ ಒಂದು ಭೂತಗನ್ನಡಿ ತಂದೆ. ಕಪ್ಪು ಪ್ಲಾಸ್ಟಿಕ್ ಹಿಡಿ, ಅಂಗೈ ಅಗಲದ ಗಾಜು. ರಾಣಿ ಸ್ವಲ್ಪ ಊದಿಕೊಂಡಂತೆ ಕಂಡಳು, ಅಷ್ಟೇ. ಜ್ವರ ಬಂದವರ ಮುಖದ ಹಾಗೆ. ಅದರಲ್ಲಿ ಪಂಚಾಂಗ ಚೆನ್ನಾಗಿ ಓದಬಹುದು. ಈಗ ಅದು ಅತ್ತೆಯ ಹತ್ತಿರ ಇದೆ, ಮಾತ್ರೆಯ ಮೇಲಿನ ಹೆಸರು ಓದುತ್ತಾರೆ. ಆ ಕಾಸು ದಂಡವಾಗಲಿಲ್ಲ, ಅದೂ ಒಂದು ಪುಣ್ಯ.

ಎರಡನೆಯದನ್ನು ಮೊಬೈಲಿನಲ್ಲಿ ತರಿಸಿದೆ. ಮೂವತ್ತು ಪಟ್ಟು ಅಂತ ಬರೆದಿತ್ತು. ಹತ್ತು ಪಟ್ಟಿನದೂ ಇತ್ತು, ಆದರೆ ಮೂವತ್ತು ಸಿಗುವಾಗ ಹತ್ತು ಯಾಕೆ ತಗೊಳ್ಳಬೇಕು ಅನ್ನುವುದು ನನ್ನ ತರಕಾರಿ ಕೊಳ್ಳುವ ಬುದ್ಧಿ. ಬೆಳ್ಳಿ ಬಣ್ಣದ ಪುಟ್ಟ ಡಬ್ಬಿ, ತಿರುಗಿಸಿದರೆ ಒಳಗಿಂದ ಗಾಜು ಹೊರಬರುತ್ತದೆ, ಪಕ್ಕದಲ್ಲಿ ಚಿಕ್ಕ ದೀಪ ಬೇರೆ. ಬಂದ ದಿನ ಮೊದಲು ನೋಡಿದ್ದೇ ರವೆ. ಆ ಕಥೆ ಹೇಳಿದೆ. ಆಮೇಲೆ ನನ್ನ ಹೆಬ್ಬೆರಳು ನೋಡಿಕೊಂಡೆ. ಉತ್ತ ಹೊಲ. ಸಾಲಿನ ನಡುವೆ ಎಂದಿನದೋ ಅರಿಶಿನ. ಆಗತಾನೆ ಸೋಪು ಹಚ್ಚಿ ತೊಳೆದ ಕೈ! ಈ ಕೈಯಲ್ಲಿ ಇಷ್ಟು ಕಾಲ ನೈವೇದ್ಯ ಮಾಡಿದ್ದೇನಲ್ಲ ಅಂತ ಎದೆ ಝಲ್ಲೆಂದಿತು. ಈರುಳ್ಳಿ ಮಂಡಿಯಿಂದ ಮಧ್ಯಾಹ್ನ ಊಟಕ್ಕೆ ಬಂದ ನಮ್ಮ ಯಜಮಾನರ ಗಲ್ಲಕ್ಕೆ ಗಾಜು ಹಿಡಿದೆ. ಆ ದೃಶ್ಯ ಬೇಡ ಬಿಡಿ. ಅವರೊಂದಿಗೆ ಇನ್ನೂ ಬಾಳಬೇಕು.

ಕೊನೆಗೆ ರಾಣಿಯ ಸರದಿ. ಎರಡೂ ರೂಪಾಯಿ ಕಲಸಿಹೋಗಬಾರದು ಅಂತ ಅಕ್ಕನದನ್ನು ಅರಿಶಿನದ ಬಟ್ಟಲ ಮುಚ್ಚಳದಲ್ಲೂ ನನ್ನದನ್ನು ಕುಂಕುಮದ ಮುಚ್ಚಳದಲ್ಲೂ ಇಟ್ಟುಕೊಂಡೆ. ಮೂವತ್ತು ಪಟ್ಟಿನ ಗಾಜಿನಲ್ಲಿ ರಾಣಿ ಇಡಿಯಾಗಿ ಕಾಣುವುದೇ ಇಲ್ಲ. ಒಮ್ಮೆ ಮೂಗಿನ ಹೊಳ್ಳೆ, ಒಮ್ಮೆ ಕಿವಿಯ ತುದಿ. ಕೂದಲೆಳೆಯಷ್ಟು ಕೈ ಅಲುಗಿದರೆ ಎಲ್ಲ ಮಂಜು. ಕಂಡಷ್ಟರಲ್ಲಿ ಬರೀ ಗುಂಡಿ, ಬರೀ ಗೀರು, ಸುತ್ತ ಒಂದು ಕಾಮನಬಿಲ್ಲು. ಅಕ್ಕನದೂ ಹಾಗೆ, ನನ್ನದೂ ಹಾಗೆ. ಖೋಟಾ ನಾಣ್ಯದ ಮೈಮೇಲೆ ಸಣ್ಣ ಗುಂಡಿಗಳಿರುತ್ತವೆ ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದೆ. ಮುಗಿಯಿತು. ಎರಡೂ ಖೋಟಾ. ಗ್ಯಾಸ್ ಮೇಲೆ ಹಾಲು ಉಕ್ಕಿದ್ದೂ ತಿಳಿಯದಂತೆ ಕೂತು ಅತ್ತುಬಿಟ್ಟೆ. ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ. ಅವರು ಗಾಜನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ನೋಡಿದರೆ ಯಾವ ಹೆಣ್ಣು ತಾನೇ ಪಾಸಾದಾಳು ಅಂದರು. ಬಡಪಾಯಿ ಅಂದದ್ದು ತಮಾಷೆಗೆ, ಆದರೆ ಅದರಲ್ಲಿ ವಿಷಯ ಇತ್ತು.

ಮೂರನೆಯ ಗಾಜು ಸಿಕ್ಕಿದ್ದು ಕಡೂರಿನಲ್ಲಿ, ನನ್ನ ಕನ್ನಡಕ ಮಾಡಿಕೊಟ್ಟ ಅಂಗಡಿಯಲ್ಲಿ. ಅಲ್ಲಿಯ ಮಾಲೀಕರು ಮಾತುಗಾರರು. ನನ್ನ ಮೂವತ್ತು ಪಟ್ಟಿನದನ್ನು ಕಣ್ಣಿಗೆ ಹಿಡಿದವರೇ ನಕ್ಕರು. ಬರೆದದ್ದು ಮೂವತ್ತು, ಇರುವುದು ಅಷ್ಟಿಲ್ಲ. ಇದ್ದಿದ್ದರೂ ನಾಣ್ಯಕ್ಕೆ ಅದು ಬೇಡ ಅಂದರು. ಪಟ್ಟು ಏರಿದಷ್ಟೂ ಕಾಣುವ ಜಾಗ ಕಿರಿದು, ಬೆಳಕು ಕಡಿಮೆ, ತಪ್ಪು ಮಾತ್ರ ಜಾಸ್ತಿ. ಮುಖ ಇಡಿಯಾಗಿ ನೋಡಿ ಎಷ್ಟು ಸವೆದಿದೆ ಅಂತ ತೂಗಲು ಐದೋ ಏಳೋ ಪಟ್ಟು ಸಾಕು. ಅಕ್ಷರ, ಅಂಚು ನೋಡಲು ಹತ್ತು. ಒಂದೇ ಗಾಜು ಕೊಳ್ಳುವುದಾದರೆ ಹತ್ತರದೇ ಇರಲಿ, ಆದರೆ ಮೂರು ಮಸೂರ ಕೂಡಿಸಿ ಅಂಟಿಸಿದ್ದು ಬೇಕು, ಆಗ ಅಂಚಿನಲ್ಲಿ ಕಾಮನಬಿಲ್ಲು ಬರುವುದಿಲ್ಲ. ಕಪ್ಪು ಚೌಕಟ್ಟಿನದಾದರೆ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಹೀಗೆಲ್ಲ ಹೇಳಿ, ವಾರ ಬಿಟ್ಟು ತರಿಸಿಕೊಟ್ಟರು. ಹಿಡಿಯುವುದನ್ನೂ ತೋರಿಸಿದರು. ಗಾಜನ್ನು ನಾಣ್ಯದ ಮೇಲೆ ಹಿಡಿಯಬಾರದು. ಕಣ್ಣಿಗೆ ಹತ್ತಿಸಿಕೊಂಡು ನಾಣ್ಯವನ್ನೇ ಅದರ ಹತ್ತಿರ ತರಬೇಕು, ಇನ್ನೊಂದು ಕಣ್ಣು ಮುಚ್ಚಬಾರದು. ಸೂಜಿಗೆ ದಾರ ಪೋಣಿಸುವಾಗ ನಾನು ಮಾಡುವುದೂ ಇದೇ.

ಬೆಳಗಿನ ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳುವ ಹೊತ್ತಿಗೆ ಸ್ನಾನ, ಪೂಜೆ ಮುಗಿಸಿ ಕೂತೆ. ಮೊದಲು ಕುಂಕುಮದ ಮುಚ್ಚಳ, ಅಂದರೆ ನನ್ನದು. ಅಮ್ಮಾ! ಇಷ್ಟು ಕಾಲ ಪೂಜೆ ಮಾಡಿದವಳು ಆಯಮ್ಮನ ಮುಖ ಅವತ್ತು ಮೊದಲ ಸಲ ನೋಡಿದೆ. ಕೆನ್ನೆ ಸವೆದಿತ್ತು, ಕಿವಿಯ ಮೇಲಿನ ಕೂದಲು ನುಣ್ಣಗಾಗಿತ್ತು. ಆದರೆ ಸುತ್ತಲಿನ ಅಕ್ಷರಗಳ ಬುಡ ಚಾಕುವಿನಲ್ಲಿ ಕೊಯ್ದ ಬರ್ಫಿಯಂತೆ ನೆಟ್ಟಗಿತ್ತು. ಮೈಮೇಲಿದ್ದದ್ದು ಬರೀ ಗೀರು. ಗುಂಡಿ ಒಂದೂ ಇರಲಿಲ್ಲ.

ಆಮೇಲೆ ಅರಿಶಿನದ ಮುಚ್ಚಳ. ಅಕ್ಷರಗಳು ನೀರಲ್ಲಿ ನೆನೆದ ಸೋಪಿನ ಹಾಗೆ ಜೋತಿದ್ದವು. ಮೈತುಂಬ ಇಡ್ಲಿಯ ಮೇಲಿರುವಂಥ ಸಣ್ಣ ಸಣ್ಣ ತೂತು. ಅಂಚು ತಿರುಗಿಸಿದೆ, ಗೀಟುಗಳನ್ನು ಅಡ್ಡ ಹಾಯ್ದು ಸುತ್ತಲೂ ಒಂದು ಎಳೆ, ಪ್ಲಾಸ್ಟಿಕ್ ಚೆಂಡಿನ ಎರಡು ಹೋಳು ಕೂಡುವಲ್ಲಿ ಇರುತ್ತದಲ್ಲ, ಹಾಗೆ. ಯಾರೋ ಅಚ್ಚಿಗೆ ಹೊಯ್ದು ತೆಗೆದ ರೂಪಾಯಿ. ಗಾಜು ಕೆಳಗಿಟ್ಟೆ.

ಅಕ್ಕನದು ಖೋಟಾ. ನನ್ನದು ಅಸಲಿ.

ಆ ಕ್ಷಣ ನನ್ನೊಳಗೆ ಏನೋ ಒಂದು ಚೂರು ಕುಣಿಯಿತು ನೋಡಿ. ಖೋಟಾ ರೂಪಾಯಿಗಿಂತ ನನಗೆ ಹೆಚ್ಚು ಗಾಬರಿಯಾದದ್ದು ಆ ಕುಣಿತಕ್ಕೆ. ಒಳಗೆ ಇಂಥದ್ದೊಂದು ಕೂತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ರವೆಯೊಳಗಿನವನ ಹಾಗೆ, ಮೀಸೆ ಸಮೇತ.

ಅಕ್ಕನಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಕಡೆ ಮಿಕ್ಸಿ ತಿರುಗುತ್ತಿತ್ತು, ನಿಂತಿತು.

“ಹಿರೇಸೊಸೆಗೆ ಖೋಟಾ, ಕಿರೇಸೊಸೆಗೆ ಅಸಲಿ,” ಅಂದಳು ಅಕ್ಕ. “ಆಯ್ತು ಬಿಡು. ನಾನು ಬರಿಗೈಲಿ ಬಂದವಳಲ್ವಾ.”

ಫೋನ್ ಇಟ್ಟಳು. ಆಮೇಲೆ ಎತ್ತಲೂ ಇಲ್ಲ.

ನಾನು ಊಟ ಬಡಿಸುತ್ತ ಯಜಮಾನರಿಗೆ ಹೇಳಿಕೊಂಡು ಅತ್ತುಬಿಟ್ಟೆ. ಅತ್ತೆಯ ಮೇಲೆ ಸಿಟ್ಟೂ ಬಂದಿತ್ತು. ಇಬ್ಬರು ಸೊಸೆಯರಲ್ಲಿ ಭೇದ ಮಾಡಿದರಲ್ಲ, ಅದೂ ದೇವರ ವಿಷಯದಲ್ಲಿ! ಯಜಮಾನರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಲೇ, ವರ್ಷಾ ವರ್ಷಾ ಎರಡ್ನೂ ಒಂದೇ ತಟ್ಟೇಲಿ ತೊಳ್ದು, ಕೈಗೆ ಸಿಕ್ಕಿದ್ದು ಎತ್ಕಂಡು ಹೋಗ್ತೀರಲ್ಲೇ. ಅದ್ರಾಗೆ ಅತ್ತಿಗೇದು ಯಾವ್ದು, ನಿಂದು ಯಾವ್ದು?”

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

ನಿಜ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ವರಮಹಾಲಕ್ಷ್ಮಿಯ ಹಿಂದಿನ ದಿನ ಅಕ್ಕ ತನ್ನ ರೂಪಾಯಿ ಹಿಡಿದು ಇಲ್ಲಿಗೆ ಬರುತ್ತಾಳೆ. ಹಿತ್ತಾಳೆ ತಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ನೀರು. ಎರಡೂ ರೂಪಾಯಿಯನ್ನು ಅದರಲ್ಲಿ ತಿಕ್ಕಿ ಮುಳುಗಿಸುತ್ತೇವೆ. ಆ ಕೆಂಪು ಬಗ್ಗಡದಲ್ಲಿ ಏನೂ ಕಾಣುವುದಿಲ್ಲ. ಮೊದಲು ಅಕ್ಕ ಕೈ ಹಾಕಿ ಒಂದನ್ನು ಎತ್ತಿಕೊಳ್ಳಬೇಕು, ಉಳಿದದ್ದು ನನ್ನದು. ಮೊದಲೆಲ್ಲ ಅತ್ತೆಯೇ ತಿಕ್ಕುತ್ತಿದ್ದರು. ಅವರ ಕೈ ನಡುಗತೊಡಗಿದ ಮೇಲೆ ಆ ಕೆಲಸ ನನಗೆ ಬಂತು. ಮನೆಯ ಲಕ್ಷ್ಮಿಯರು ಒಂದೇ ನೀರಲ್ಲಿ ಮೀಯಬೇಕು ಅಂತ ಅತ್ತೆ ಹೇಳಿದ್ದರು. ನಾನು ಈ ಮಾತನ್ನು ಬೀದಿಯ ಹೆಂಗಸರಿಗೆಲ್ಲ ಭಕ್ತಿಯಿಂದ ವಿವರಿಸಿದ್ದೇನೆ. ಇಬ್ಬರು ಮೂವರು ತಮ್ಮ ಮನೆಯಲ್ಲೂ ಶುರು ಮಾಡಿದ್ದಾರೆ.

ಹಾಗಾದರೆ ಖೋಟಾ ರೂಪಾಯಿ ಯಾವ ವರ್ಷ ನನ್ನ ಕಳಶದಲ್ಲಿತ್ತು? ಊಟ ಅಲ್ಲಿಗೇ ಬಿಟ್ಟು ಯೋಚಿಸಿದೆ. ಮಗ ಹುಟ್ಟಿದ ವರ್ಷ ಯಾವುದಿತ್ತು? ಬೋರ್‌ವೆಲ್‌ನಲ್ಲಿ ನೀರು ಬಿದ್ದ ವರ್ಷ? ಯಜಮಾನರಿಗೆ ಮೂತ್ರದ ಕಲ್ಲು ಆಗಿ ಒದ್ದಾಡಿದ ವರ್ಷ ಖಂಡಿತ ಖೋಟಾ ಇದ್ದಿರಬೇಕು ಅಂದುಕೊಂಡೆ. ಆದರೆ ಆ ಕಲ್ಲು ಆಪರೇಷನ್ ಇಲ್ಲದೆ ತಾನಾಗಿಯೇ ಹೋಯಿತಲ್ಲ, ಅದನ್ನು ಕಳಿಸಿದವಳು ಯಾರು? ನಾನು ಖೋಟಾ ಲಕ್ಷ್ಮಿಯ ಮುಂದೆ ಕೂತು ಬೇಡಿದ್ದನ್ನೂ ಯಾರೋ ಕೇಳಿಸಿಕೊಂಡಿದ್ದಾರೆ. ಇದು ಯೋಚಿಸಿದಷ್ಟೂ ತಲೆ ತಿರುಗುವ ವಿಷಯ. ನಮ್ಮಂಥವರು ಇಂಥದ್ದನ್ನು ಜಾಸ್ತಿ ಕೆದಕಬಾರದು.

ಅತ್ತೆಯ ಹತ್ತಿರ ಹೋದೆ. ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹೂಬತ್ತಿ ಹೊಸೆಯುತ್ತಿದ್ದರು. ಕಿವಿ ಮಂದ, ಬುದ್ಧಿ ಇನ್ನೂ ಚುರುಕು. ನಾನು ಎರಡೂ ರೂಪಾಯಿಯನ್ನು ಅವರ ಮುಂದಿಟ್ಟು, ಇದರಲ್ಲಿ ಒಂದು ಖೋಟಾ ಅತ್ತೆ ಅಂತ ಗಟ್ಟಿಯಾಗಿ ಹೇಳಿದೆ. ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದೆ.

“ಹೂಂ,” ಅಂದರು ಅತ್ತೆ.

ನಾನೇ ಬೆಚ್ಚಿಬಿದ್ದೆ.

“ಇದ್ದಿದ್ದು ಒಂದೇ ಕಣೇ, ನಮ್ಮವ್ವ ಕೊಟ್ಟಿದ್ದು. ಸೊಸೇರು ಇಬ್ರು. ತರೀಕೆರೆ ಸಂತೇಲಿ ಪಾತ್ರೆ ಮಾರೋನ ಹತ್ರ ಇನ್ನೊಂದು ತಗಂಡೆ. ಬೆಳ್ಳಿ ಅಂದ. ಮನೆಗೆ ತಂದ್ಮೇಲೆ ಅಲ್ಲ ಅಂತ ಗೊತ್ತಾಯ್ತು. ಒಬ್ಳಿಗೆ ಇದು, ಒಬ್ಳಿಗೆ ಅದು ಅಂತ ಯಾವ ಬಾಯಲ್ಲಿ ಕೊಡ್ಲಿ? ಅದಕ್ಕೇ ಒಂದೇ ತಟ್ಟೇಲಿ ಹಾಕ್ಸಿದ್ದು. ವರ್ಷಕ್ಕೊಂದು ಸಲ ಕಲಸಿಹೋಗ್ಲಿ ಅಂತ.”

“ಮನೆತನದ ಪದ್ಧತಿ ಅಂದಿದ್ರಲ್ಲ ಅತ್ತೆ?”

“ಮತ್ತೆ? ನಾನೇನು ಬೇರೆ ಮನೇವಳಾ?”

ಬೀದಿಯ ಹೆಂಗಸರ ಮುಖ ನೆನಪಾಗಿ ನನಗೆ ಅಲ್ಲೇ ಕೂರುವಂತಾಯಿತು.

ಇದನ್ನು ತಿಳಿಸಲು ನಾನೇ ಕಡೂರಿಗೆ ಹೋದೆ. ಅಕ್ಕ ಮೊದಲು ಮುಖ ಕೊಡಲಿಲ್ಲ. ಕಾಫಿ ಲೋಟ ಕುಕ್ಕಿದಳು. ಅತ್ತೆ ಹೇಳಿದ್ದನ್ನೆಲ್ಲ ಕೇಳಿ ಮುಗಿದ ಮೇಲೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತು, ಆ ಮುದುಕಿ ನಮ್ಮಿಬ್ಬರನ್ನೂ ಮಾರಿಕೊಂಡು ಬರುತ್ತಾಳೆ ಅಂತ ನಕ್ಕಳು. ಅಸಲಿಯನ್ನು ಚೈತ್ರಳಿಗೇ ಕೊಟ್ಟುಬಿಡೋಣ, ನನ್ನದೇನೂ ತಕರಾರಿಲ್ಲ ಅಂದೆ. ಹಾಗೆ ಅಂದಾಗ ನನ್ನ ದನಿ ನನಗೇ ಸ್ವಲ್ಪ ತೆಳ್ಳಗೆ ಕೇಳಿಸಿತು. ಅಕ್ಕನಿಗೂ ಕೇಳಿಸಿರಬೇಕು.

“ಬೇಡ. ಈಗ ನಿನ್ನ ಮನೇಲಿದ್ದಿದ್ದು ಅಸಲಿ. ಕಿತ್ಕಂಡಂಗೆ ಆಗುತ್ತೆ,” ಅಂದಳು. “ತಟ್ಟೇಲೇ ಹಾಕು. ಈ ಸಲ ನನ್ನ ಬದ್ಲು ಅವಳು ಕೈ ಹಾಕ್ಲಿ. ಯಾವ್ದು ಯಾವ್ದು ಅಂತ ನಂಗೆ ಹೇಳ್ಬೇಡ. ಖೋಟಾ ಬಂದ್ರೆ ಆಯಪ್ಪನ ಮುಂದೆ ನಾನೇ ನಿಂತು, ಹಿಂಗಿಂಗೆ ಅಂತ ಹೇಳ್ತೀನಿ.”

ಅಕ್ಕ ಹೇಳಿಯಾಳು. ಆದರೆ ತುಂಬಿದ ಸಭೆಯಲ್ಲಿ ಆ ಮಾತು ಮುಗಿಯುವ ತನಕ ಚೈತ್ರ ತಲೆ ತಗ್ಗಿಸಿ ಕೂತಿರಬೇಕಲ್ಲ.

ಹಬ್ಬದ ಹಿಂದಿನ ದಿನ ಬಂತು. ಅಕ್ಕ, ಚೈತ್ರ ಬಂದರು. ಅತ್ತೆ ಗೋಡೆಗೆ ಒರಗಿ ಕೂತರು. ನಾನು ಹುಣಸೆಹಣ್ಣು ಕಿವುಚಿ, ಎರಡೂ ರೂಪಾಯಿಯನ್ನು ತಿಕ್ಕಿ, ನೀರಿನಲ್ಲಿ ಮುಳುಗಿಸಿದೆ. ಬೇರೆ ವರ್ಷ ಮುಳುಗಿದ ಮೇಲೆ ಯಾವುದು ಎಲ್ಲಿ ಅಂತ ನನಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕು ಅಂತಲೂ ಇರಲಿಲ್ಲ. ಈ ಸಲ ಗಾಜಿನಲ್ಲಿ ನೋಡಿದ ಕಣ್ಣು ಸುಮ್ಮನಿರಲೊಲ್ಲದು. ಯಾವುದನ್ನು ಎಲ್ಲಿಟ್ಟೆ ಅಂತ ಚೆನ್ನಾಗಿ ಗೊತ್ತಿತ್ತು.

ಅಸಲಿಯನ್ನು ನಾನು ನನ್ನ ಕಡೆಗೆ ಇಟ್ಟುಕೊಂಡಿದ್ದೆ.

ದೇವರಾಣೆಗೂ ಯೋಚಿಸಿ ಇಟ್ಟದ್ದಲ್ಲ. ಕೈ ತಾನಾಗಿಯೇ ಇಟ್ಟಿತ್ತು. ಚೈತ್ರ ಎದುರಿಗೆ ಕೂತು ಬಳೆ ಹಿಂದಕ್ಕೆ ಸರಿಸಿ ಕೈಮುಗಿದಳು. ಅವಳ ಕಡೆ ಇದ್ದದ್ದು ಖೋಟಾ. ಕೈ ಚಾಚಿದರೆ ಮೊದಲು ಸಿಗುವುದು ಅದೇ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು ಅಂದರೆ ಕಿವಿ ಮಂದವಾದ ಅತ್ತೆಗೂ ಕೇಳಿಸೀತು ಅನ್ನಿಸಿತು.

ತಡಿಯೇ ಪುಟ್ಟಿ, ನೀರು ಚೆಲ್ಲಿದೆ, ಸೀರೆಗೆ ಹತ್ತುತ್ತೆ ಅಂದೆ. ಹಾಗನ್ನುತ್ತ ಬಟ್ಟೆಯಿಂದ ತಟ್ಟೆಯ ಅಡಿ ಒರೆಸಿದೆ. ಒರೆಸುತ್ತ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. ಚೈತ್ರ ಕೈ ಹಾಕಿ ಎತ್ತಿಕೊಂಡಳು. ಉಳಿದದ್ದನ್ನು ನಾನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ.

ಒಪ್ಪಿಗೆ ಶಾಸ್ತ್ರದ ದಿನ ಮಡಿಲಕ್ಕಿಯ ಮೇಲೆ ರೂಪಾಯಿ ಇಟ್ಟದ್ದೇ ತಡ, ಹುಡುಗನ ದೊಡ್ಡಪ್ಪ ಗಾಜು ತೆಗೆದರು. ಕಣ್ಣಿಗೆ ಹತ್ತಿಸಿಕೊಂಡು, ನಾಣ್ಯವನ್ನು ಹತ್ತಿರ ತಂದರು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಬಳೆ ಒಡೆಯುವಷ್ಟು ಬಿಗಿ. ಆ ಪುಣ್ಯಾತ್ಮ ಮುಂದೆ ನೋಡಿದರು, ಹಿಂದೆ ನೋಡಿದರು, ಅಂಚು ತಿರುಗಿಸಿದರು. ಆಮೇಲೆ ಎದೆಗೆ ಏಟು ಬಿದ್ದವರ ಹಾಗೆ ತಲೆ ಎತ್ತಿದರು.

“ಅಪ್ಪಟ ಅಸಲಿ ಕಣಮ್ಮ. ಆದ್ರೆ ಇದನ್ನ ಹಿಂಗೆ ತಿಕ್ಕಿದೋರು ಯಾರು?”

ಹಳೇ ಬೆಳ್ಳಿ ತಾನಾಗಿ ಕಪ್ಪಾಗಬೇಕಂತೆ, ಆ ಕಪ್ಪೇ ಅದರ ಬೆಲೆಯಂತೆ. ಹುಣಸೆಹಣ್ಣು ಹಾಕಿ ಉಜ್ಜಿದ ನಾಣ್ಯವನ್ನು ಅವರ ಸಂಘದಲ್ಲಿ ಯಾರೂ ಕೈಗೆ ಮುಟ್ಟುವುದಿಲ್ಲವಂತೆ. ನಾವಿಬ್ಬರೂ ದಂಗಾಗಿ ಕೂತೆವು. ಭಕ್ತಿಯಿಂದ ತಿಕ್ಕಿ ತಿಕ್ಕಿ ರಾಣಿಯ ಕೂದಲು ಉದುರಿಸಿದ್ದು ನಾವೇ! ದೇವರ ಸಾಮಾನು ತಿಕ್ಕದೆ ಹೆಂಗಿಡೋದು ಅಣ್ಣ ಅಂತ ಅಕ್ಕ ತಿರುಗಿ ಕೇಳಿದಳು. ಅವರು ನಕ್ಕು, ರೂಪಾಯಿಯನ್ನು ಕಣ್ಣಿಗೊತ್ತಿಕೊಂಡು ಅಕ್ಕಿಯ ಮೇಲೆ ಇಟ್ಟರು. ನನ್ನ ಚೀಲದಲ್ಲಿದ್ದ ಗಾಜನ್ನು ನೋಡಿ, ಇದು ನನ್ನದಕ್ಕಿಂತ ಚೆನ್ನಾಗಿದೆ, ಎಲ್ಲಿ ತಗೊಂಡಿರಿ ಅಂತ ವಿಚಾರಿಸಿದರು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕಿದ ಒಂದೇ ಶಹಭಾಸ್‌ಗಿರಿ ಅದು.

ಮನೆಗೆ ಬಂದು ಸೀರೆ ಬದಲಿಸಿ, ಅತ್ತೆಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಮಾತ್ರೆ ನುಂಗಿ, ನೀರು ಕುಡಿದು, ಲೋಟ ನನ್ನ ಕೈಗೆ ಕೊಡುತ್ತ ಕೇಳಿದರು.

“ತಟ್ಟೆ ತಿರುಗ್ಸಿದೆ ಅಲ್ವಾ?”

ಹೂಂ ಅಂದೆ.

“ನಾನೂ ತಿರುಗಿಸ್ತಿದ್ದೆ ಕಣೇ. ತಿಕ್ಕೋವಾಗ ಕೈಗೆ ಗೊತ್ತಾಗ್ತಿತ್ತು.”

ಲೋಟ ಹಿಡಿದುಕೊಂಡು ನಿಂತೇ ಇದ್ದೆ. ನಾವು ಪುಣ್ಯ ಅಂತ ಎತ್ತಿಕೊಂಡದ್ದೆಲ್ಲ ಈ ಮುದುಕಿ ತಿರುಗಿಸಿ ಕೊಟ್ಟದ್ದೇ?

“ಯಾರ ಕಡೆಗೆ ತಿರುಗಿಸ್ತಿದ್ರಿ ಅತ್ತೆ?”

“ಆ ವರ್ಷ ಯಾರು ಜಾಸ್ತಿ ಅತ್ತಿರ್ತಿದ್ರೋ ಅವರ ಕಡೆಗೆ.”

ಹಾಗಾದರೆ ನನ್ನ ಕಡೆಗೇ ಇರಬೇಕು ಬಿಡಿ ಅಂತ ನಗಲು ಹೋದೆ. ಅಕ್ಕ ಎಂದಾದರೂ ಅತ್ತವಳೇ?

ಅತ್ತೆ ನಗಲಿಲ್ಲ.

“ನಿನಗಿಂತ ಜಾಸ್ತಿ ಕಣೇ,” ಅಂದರು.